ಎರಡನೆಯ ವರ್ಷದ ಮಾಘ

ನನ್ನ ಅಕ್ಕನಿಗೆ ತನ್ನ ಗಂಡನ ಬಗ್ಗೆ ಹೇಳಿಕೊಳ್ಳಲು ಇದ್ದದ್ದು ಒಂದೇ ಒಂದು ಒಳ್ಳೆಯ ಸಂಗತಿ. ಕಳೆದ ಮಾಘಮಾಸದಲ್ಲಿ, ಕುಮಟೆಯ ಆಚೆ ಕಡಲ ದಂಡೆಯ ಒಂದು ವಸತಿಗೃಹದ ಜಗಲಿಯಲ್ಲಿ ಕುಳಿತು, ಅದು ನಡೆದೇ ಇಲ್ಲವೆಂದು ನಾನು ಸಾಧಿಸಿ ತೋರಿಸಿದೆ. ಆ ಸಾಧನೆಯಲ್ಲಿ ಒಂದು ಲೋಪವಿತ್ತು. ಅದು ನನಗೆ ತಿಳಿಯುವಷ್ಟರಲ್ಲಿ ಯುಗಾದಿ ಬಂದಿತ್ತು.

ಸಂಗತಿ ಇಷ್ಟೇ. ಮದುವೆಯಾದ ಹೊಸದರಲ್ಲಿ ಭಾವ ಅವಳನ್ನು ಹರಿಹರದಿಂದ ಕುಮಟೆಗೆ ಕರೆದೊಯ್ದಿದ್ದರು. ಹತ್ತಿಯ ಗಾಡಿಗಳು ಘಟ್ಟ ಇಳಿಯುತ್ತಿದ್ದ ಕಾಲದಿಂದಲೂ ನಮ್ಮ ಸೀಮೆಯ ವರ್ತಕರಿಗೂ ಆ ಬಂದರಿಗೂ ನಂಟು. ಬಂದರು ಬಡವಾದ ಮೇಲೂ ಭಾವನ ಮನೆಯವರು ಮೆಣಸಿನಕಾಯಿ ವ್ಯಾಪಾರಕ್ಕೆ ಅಲ್ಲಿಗೆ ಹೋಗಿಬರುತ್ತಿದ್ದರು. ಘಟ್ಟದ ಮೇಲಿನ ವರ್ತಕರು ಇಳಿದುಕೊಳ್ಳಲೆಂದೇ ದಂಡೆಯ ಮೇಲೆ ಒಂದು ಹಂಚಿನ ಮನೆ ಇತ್ತು. ಆ ಮನೆಯಲ್ಲಿ ಅಕ್ಕ ಮೂರು ದಿನ ಇದ್ದಳಂತೆ. ಸಂಜೆ ಸಮುದ್ರದಿಂದ ಬಂದಾಗ ಭಾವ ತಾವೇ ಬಾವಿಯಿಂದ ನೀರು ಸೇದಿ, ಅವಳ ಕಾಲಿಗೆ ಹತ್ತಿದ ಉಪ್ಪು ಮರಳನ್ನು ತೊಳೆದರಂತೆ. ಮೂರು ದಿನವೂ ಹಾಗೆಯೇ. ಸಮುದ್ರ ಅಷ್ಟು ಹತ್ತಿರವಿದ್ದರೂ ಬಾವಿಯ ನೀರು ಸಿಹಿಯಾಗಿತ್ತಂತೆ.

ಇದು ಅವಳಿಗೆ ಯಾಕೆ ಅಷ್ಟು ದೊಡ್ಡದೆಂಬುದನ್ನು ತಿಳಿಯಬೇಕಾದರೆ ಭಾವನನ್ನು ತಿಳಿಯಬೇಕು. ಸಾರಿನಲ್ಲಿ ಉಪ್ಪು ಹೆಚ್ಚಾದರೆ ಅವರು ಊಟದ ತಟ್ಟೆಯನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಕಡಿಮೆಯಾದರೆ ಅವಳತ್ತ ಎಸೆಯುತ್ತಿದ್ದರು. ಅವಳ ಎಡ ಹುಬ್ಬಿನ ಮೇಲೆ ಬೆರಳಗಲದ ಒಂದು ಗಾಯದ ಗುರುತಿದೆ, ಅಂಗಡಿಯ ಹಿತ್ತಾಳೆ ಸೇರಿನಿಂದ ಆದದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಆ ಗಾಯ ಹೊತ್ತು ನಮ್ಮ ಮನೆಗೆ ಬಂದಳು. ಬಾಗಿಲು ಬಡಿಯಿತು ಎಂದಳು. ಬಾಗಿಲಿಗೆ ದುಂಡನೆಯ ಅಂಚಿರುವುದಿಲ್ಲವೆಂದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮರುದಿನ ಅಪ್ಪ ಒಂದು ಬುಟ್ಟಿ ಕರ್ಜಿಕಾಯಿ ಕಟ್ಟಿಸಿ ಅವಳನ್ನು ಹರಿಹರದ ಬಸ್ಸು ಹತ್ತಿಸಿದರು. ಬುಟ್ಟಿಯನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಟ್ಟವನು ನಾನು.

ಭಾವ ತೀರಿಕೊಂಡು ಹನ್ನೆರಡು ವರ್ಷಗಳಾದವು. ಅಕ್ಕ ಅವರ ಫೋಟೋವನ್ನು ಹರಿಹರದ ಮನೆಯ ನಡುಮನೆಯಲ್ಲಿ ತೂಗುಹಾಕಿಸಿ ದಿನವೂ ವಿಭೂತಿ ಹಚ್ಚುತ್ತಿದ್ದಳು. 'ಅಂಥವನಿಗೆ ವಿಭೂತಿ ಯಾಕೆ?' ಎಂದು ನಾನು ಕೇಳಿದಾಗಲೆಲ್ಲ ಅವಳ ಉತ್ತರ ಒಂದೇ: "ಮೂರು ದಿನ ನನ್ನ ಕಾಲು ತೊಳದಾರೆ, ತಮ್ಮಾ." ಆ ಉತ್ತರ ನನಗೆ ಆಗುತ್ತಿರಲಿಲ್ಲ. ಒಬ್ಬ ಮನುಷ್ಯ ಜೀವಮಾನವಿಡೀ ಮಾಡಿದ್ದನ್ನು ಮೂರು ಕೊಡ ನೀರಿನಿಂದ ತೊಳೆದುಕೊಂಡು ಹೋಗಬಹುದೆಂಬುದನ್ನು ನಾನು ಒಪ್ಪಿರಲಿಲ್ಲ. ಈಗ ಬರೆಯುವಾಗ ಇದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ.

ಕಳೆದ ವರ್ಷ ವಿಶ್ವಾವಸು ಸಂವತ್ಸರ ಬಂತು. ಅಕ್ಕನ ಲಗ್ನಪತ್ರಿಕೆಯಲ್ಲಿದ್ದುದೂ ವಿಶ್ವಾವಸು, ವೈಶಾಖ. ಅರವತ್ತರ ಒಂದು ಸುತ್ತು ಮುಗಿದಿತ್ತು.

"ನನ್ನ ಮದುವೆ ಸಂವತ್ಸರ ಮರಳಿ ಬಂದೈತೆ," ಎಂದು ಫೋನಿನಲ್ಲಿ ಹೇಳಿದಳು. "ಮೂರನೇ ಸಲಕ್ಕೆ ನಾನಿರಂಗಿಲ್ಲ. ಆ ಸಮುದ್ರ ಒಂದು ಸಲ ತೋರಿಸಿಬಿಡು."

ಮಾಘದಲ್ಲಿ ಹೊರಟೆವು: ಅಕ್ಕ, ನಾನು, ಅಕ್ಕನ ಮಗಳು. ಅಕ್ಕನ ಮಗಳು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ದಾವಣಗೆರೆಯಲ್ಲಿ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಇದ್ದಾಳೆ. ಕಾರನ್ನು ಅವಳೇ ನಡೆಸಿದಳು. ಹರಿಹರದಲ್ಲಿ ಅಕ್ಕನನ್ನು ಹತ್ತಿಸಿಕೊಂಡು, ಹೊಳೆ ದಾಟಿ, ಹಾವೇರಿ, ಶಿರಸಿಯ ಮೇಲೆ ಹಾಯ್ದು ಘಟ್ಟ ಇಳಿದೆವು. ಅಕ್ಕ ದಾರಿಯುದ್ದಕ್ಕೂ ಚಪ್ಪಲಿ ಬಿಚ್ಚಿ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು ಕುಳಿತಿದ್ದಳು.

ಕುಮಟೆಗೆ ಮುನ್ನ ಮಿರ್ಜಾನಿನ ಕೋಟೆ ನೋಡಬೇಕೆಂದವನು ನಾನು. ಅಲ್ಲಿ ಒಬ್ಬ ಗೈಡು ಏಳೆಂಟು ಪ್ರವಾಸಿಗರನ್ನು ನಿಲ್ಲಿಸಿಕೊಂಡು, ಗೇರುಸೊಪ್ಪೆಯ ರಾಣಿ ಈ ಕೋಟೆಯನ್ನು ಹೇಗೆ ಕಟ್ಟಿಸಿದಳೆಂದು ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದ. ಕಟ್ಟಿಸಿದವರು ಯಾರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹಳೆಯ ಶಾಸನಗಳನ್ನು ಓದಿಯೇ ಬದುಕಿದವನು ನಾನು; ನಡುವೆ ಬಾಯಿ ಹಾಕಿ ಆಧಾರ ಕೇಳಿದೆ. ಅವನು ನಕ್ಕ. ನಾನು ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಪ್ರವಾಸಿಗರಲ್ಲಿ ಇಬ್ಬರು ಕೋಟೆಯ ಬಾವಿಯ ಕಡೆಗೆ ನಡೆದುಬಿಟ್ಟರು.

"ಸರ್, ನನ್ನ ಊಟ ಇದ್ರಲ್ಲೇ ಉಂಟು," ಎಂದು ಗೈಡು ದನಿ ತಗ್ಗಿಸಿ ಹೇಳಿದ.

"ತಪ್ಪು ಹೇಳಿ ಉಣ್ಣಬಾರದು," ಎಂದೆ.

ಅಕ್ಕನ ಮಗಳು ನನ್ನ ತೋಳು ಹಿಡಿದು ಈಚೆಗೆ ತಂದಳು. "ಮಾವ, ರಾಣಿ ಸತ್ತು ಎಷ್ಟೋ ಕಾಲ ಆತು. ಅವಳಿಗೆ ನೋವಾಗಂಗಿಲ್ಲ. ಆ ಪುಣ್ಯಾತ್ಮಂಗೆ ಆಗ್ತೈತಿ. ಅವ್ವ ಬಿಸಿಲಾಗ ನಿಂತಾಳೆ, ನಡೀರಿ."

ವರ್ತಕರ ಹಳೆಯ ಮನೆ ಇದೇ ಇರಬೇಕೆಂದು ಗೊತ್ತುಮಾಡಿದ್ದ ವಸತಿಗೃಹಕ್ಕೆ ಮೂರೂವರೆಗೆ ಬಂದೆವು. ಈಗ ಅದಕ್ಕೆ ಎ.ಸಿ. ಕೋಣೆಗಳಿವೆ, ಮುಂದೆ ಹುಲ್ಲುಹಾಸು, ಗೋಡೆಗೆ ಒಡೆದ ದೋಣಿಯ ಹುಟ್ಟುಗಳನ್ನು ಅಲಂಕಾರಕ್ಕೆ ಹೊಡೆದಿದ್ದಾರೆ. ಆದರೆ ಜಗಲಿ ಹಳೆಯದು, ಬಾವಿಯೂ ಹಳೆಯದು. ಬಾವಿಗೆ ಬಲೆ ಹೊದಿಸಿ ಪಂಪು ಇಳಿಬಿಟ್ಟಿದ್ದರು. ಅಕ್ಕ ಕೋಣೆಯನ್ನೂ ನೋಡದೆ ನೇರ ಬಾವಿಕಟ್ಟೆಗೆ ಹೋದಳು.

"ಒಂದು ಕೊಡ ಸೇದಿ ಕೊಡವ್ವ," ಎಂದು ಅಡುಗೆಯ ಹೆಂಗಸನ್ನು ಕೇಳಿದಳು.

"ಸೇದುದು ಎಂತಕೆ ಅಜ್ಜಿ? ನಲ್ಲಿ ತಿರುಗಿಸಿದ್ರೆ ಅದೇ ನೀರು ಬರ್ತದೆ."

ಅಕ್ಕ ನಲ್ಲಿಗೆ ಬೊಗಸೆಯೊಡ್ಡಿ ಒಂದು ಗುಟುಕು ಕುಡಿದಳು. ಎಪ್ಪತ್ತೊಂಬತ್ತರ ಮುಖ ಒಮ್ಮೆಲೇ ಹಗುರಾಯಿತು. "ಸಿಹಿ ಐತೆ. ಇದೇ ಬಾವಿ. ಇಲ್ಲೇ ನಿಂತಿದ್ದೆ ನಾನು. ಅವರು ಅತ್ತಾಗ ನಿಂತು ಸೇದ್ತಿದ್ರು. 'ಕಾಲು ಮುಂದ ಮಾಡು' ಅಂದ್ರು. ನನಗ ನಾಚಿಕಿ. ಗಂಡಸಿನ ಕೈಲೆ ಕಾಲು ತೊಳಸಿಕೊಳ್ಳೋದು ಅಂದ್ರೇನು!"

ಮಗಳು ಬಾವಿಕಟ್ಟೆಯ ಮೇಲೆ ಕುಳಿತೇಬಿಟ್ಟಳು. "ಅಪ್ಪನಾ? ನಮ್ಮಪ್ಪನಾ? ಕುಡಿಯೋ ನೀರಿನ ಲೋಟ ಕೈಯಾರೆ ಎತ್ತಿಕೊಂಡಿದ್ದು ನಾನು ಕಂಡಿಲ್ಲ."

"ಹೂಂ, ನಿಮ್ಮಪ್ಪನೇ. ನಗ್ತಿದ್ರು ಬ್ಯಾರೆ."

"ನಗ್ತಿದ್ರಾ!" ಎಂದು ಮಗಳು ತಾನೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಅವಳಿಗೆ ತಂದೆಯ ನೆನಪೆಂದರೆ ಬಾಗಿಲ ಸಂದಿಯಲ್ಲಿ ಅಡಗಿ ನಿಂತ ನೆನಪು. ಅರವತ್ತರ ಹೊಸ್ತಿಲಲ್ಲಿ ಅವಳಿಗೆ ಬೇರೊಬ್ಬ ತಂದೆ ಸಿಗುವ ಹಾಗೆ ಕಂಡಿತು.

ಭಾವ ಸತ್ತ ಮೇಲೂ ಗೆಲ್ಲುತ್ತಿದ್ದರು. ಅದೂ ನನ್ನ ಕಣ್ಣೆದುರಿಗೆ, ನಾನೇ ಕರೆತಂದ ಜಾಗದಲ್ಲಿ.

ಜಗಲಿಯಲ್ಲಿ ಚಹಾ ಬಂತು. ನಾನು ಬಹಳ ಮೆತ್ತಗೆ ಆರಂಭಿಸಿದೆ. ಶಾಸನ ಓದುವವನಿಗೆ ಮೊದಲ ಪಾಠವೇ ಇದು: ಬರಹದ ಅರ್ಥಕ್ಕೆ ಕೈ ಹಾಕುವ ಮುನ್ನ ಅದರ ಕಾಲವನ್ನು ಕಟ್ಟಿಹಾಕು.

"ಅಕ್ಕ, ಬಂದದ್ದು ಯಾವಾಗ?"

"ಮಾಘದಾಗ. ಚಳಿ ಇನ್ನೂ ಇತ್ತು."

"ಮದುವೆಯಾದ ವರ್ಷದ ಮಾಘವೋ, ಮರುವರ್ಷದ್ದೋ?"

"ಎರಡನೇ ವರ್ಷ."

"ಚೆನ್ನಾಗಿ ಯೋಚಿಸು."

"ಯೋಚಿಸೋದೇನೈತಿ? ಎರಡನೇ ವರ್ಷ. ಹೊಸವರ್ಷದ ಪೂಜೆ ಆದಮ್ಯಾಲೆ ನಮ್ಮ ಅತ್ತೆನೇ ಅಂದ್ರು, ಹೋಗಿ ಬರ್ರಿ ಅಂತ. ಮದುವೆ ವರ್ಷ ಮುಗಿದಿತ್ತು. ನನಗೇನು ಅಷ್ಟೂ ನೆನಪಿರಂಗಿಲ್ಲೇನು?"

ಮೂರು ಸಲ ಕೇಳಿದೆ. ಮೂರು ಸಲವೂ ಎರಡನೆಯ ವರ್ಷವೆಂದಳು. ಮೂರನೆಯ ಸಲ ಅವಳ ದನಿಯಲ್ಲಿ ಹೆಮ್ಮೆಯಿತ್ತು. ತಮ್ಮನ ಪರೀಕ್ಷೆಯಲ್ಲಿ ತಡವರಿಸದೆ ಉತ್ತರಿಸುತ್ತಿದ್ದೇನೆಂಬ ಹೆಮ್ಮೆ.

ಆಮೇಲೆ ನಾನು ಮಗಳ ಕಡೆಗೆ ತಿರುಗಿದೆ. "ನೀನು ಹುಟ್ಟಿದ್ದು ವಿಶ್ವಾವಸುವಿನ ಮರುವರ್ಷ. ಪರಾಭವ ಸಂವತ್ಸರ, ಕಾರ್ತಿಕದ ಮೊದಲ ವಾರ. ಹೌದೇ?"

"ಹೌದು ಮಾವ. ದೀಪಾವಳಿ ಬೆನ್ನಿಗೇ."

"ಹೆರಿಗೆ ನಮ್ಮ ಮನೆಯಲ್ಲಿ, ದಾವಣಗೆರೆಯಲ್ಲಿ. ಬಾಣಂತನ ಐದು ತಿಂಗಳು. ಆ ಮಾಘದಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ನಿನ್ನ ತೊಟ್ಟಿಲ ಹಗ್ಗ. ನಿಮ್ಮವ್ವ ಒಳಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಅಕ್ಕ, ಎರಡನೆಯ ವರ್ಷದ ಮಾಘದಲ್ಲಿ ನೀನು ಕುಮಟೆಯಲ್ಲಿ ಇರಲು ಸಾಧ್ಯವೇ ಇಲ್ಲ. ಇಲ್ಲಿಗೆ ಬಂದಾಗ ಮೂರು ತಿಂಗಳ ಕೂಸು ನಿನ್ನ ಸಂಗಡ ಇತ್ತೇ?"

ಅಕ್ಕ ಚಹಾದ ಲೋಟ ಕೆಳಗಿಟ್ಟಳು. "ಕೂಸು ಇರಲಿಲ್ಲ."

"ಹಾಗಾದರೆ ಕೂಸನ್ನು ಎಲ್ಲಿ ಬಿಟ್ಟಿದ್ದೆ?"

ಪ್ರಾಮಾಣಿಕ ಪರೀಕ್ಷಕ ಹಿಂದಿನ ವರ್ಷ, ಮುಂದಿನ ವರ್ಷ ಎರಡನ್ನೂ ಇಟ್ಟು ನೋಡುತ್ತಾನೆ. ನಲವತ್ತು ವರ್ಷ ನಾನು ಬೇರೆಯವರ ಪ್ರಬಂಧಗಳಿಗೆ ಅದನ್ನೇ ಷರಾ ಬರೆದಿದ್ದೇನೆ. ಆ ದಿನ ಇಟ್ಟು ನೋಡಲಿಲ್ಲ, ನೋಡಲು ಮನಸ್ಸಿರಲಿಲ್ಲ.

"ಬಾವಿ ಐತಲ್ಲ," ಎಂದಳು ಅಕ್ಕ. "ಸಿಹಿ ನೀರು ಐತಲ್ಲ."

"ಈ ದಂಡೆಯ ಮನೆಗಳಿಗೆಲ್ಲ ಬಾವಿ ಇದೆ. ಎಷ್ಟೋ ಬಾವಿಗಳ ನೀರು ಸಿಹಿ. ನಿಮ್ಮ ಅಂಗಡಿಯಲ್ಲಿ ಒಂದು ಕ್ಯಾಲೆಂಡರು ತೂಗುಹಾಕಿತ್ತಲ್ಲ, ಕಡಲು, ತೆಂಗಿನಮರ, ನೀರು ಸೇದುವ ಗಂಡಸು, ಪಕ್ಕದಲ್ಲಿ ಹೆಂಗಸು? ವರ್ಷಗಟ್ಟಲೆ ಅದನ್ನು ನೋಡಿದೆ. ಒಳಗೆ ಹೋಗಿ ನಿಂತುಕೊಂಡೆ. ಅಷ್ಟೆ."

ಮಗಳು "ಮಾವ, ಸಾಕು" ಎಂದಳು. ಅಕ್ಕ ಅವಳನ್ನು ಕೈಸನ್ನೆಯಿಂದ ಸುಮ್ಮನಿರಿಸಿದಳು. ಅಕ್ಕ ತನ್ನ ಕಾಲುಗಳನ್ನೇ ನೋಡುತ್ತಿದ್ದಳು.

"ಹಂಗಾದ್ರೆ, ತಮ್ಮಾ, ನೀರು ಸೇದಿದ್ದು ಯಾರು?"

"ಯಾರೂ ಇಲ್ಲ," ಎಂದೆ.

ಆ ಕ್ಷಣದಲ್ಲಿ ನನಗೆ ಮರುಕವಾಯಿತೆಂದು ಬರೆಯಬಹುದಿತ್ತು. ಆದದ್ದು ತೃಪ್ತಿ. ಬಸ್ಸಿನ ಮೇಲಕ್ಕೆ ಕರ್ಜಿಕಾಯಿಯ ಬುಟ್ಟಿ ಎತ್ತಿಕೊಟ್ಟ ಹುಡುಗ ಕೊನೆಗೂ ಭಾವನಿಗೆ ಎದುರು ನಿಂತಿದ್ದ. ಏಟು ಬಿದ್ದದ್ದು ಯಾರಿಗೆಂದು ಅವನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸಮುದ್ರಕ್ಕೆ ಹೋಗೋಣವೆಂದಾಗ ಅಕ್ಕ ಬಂದು ಕಾರಿನಲ್ಲಿ ಕುಳಿತಳು. "ಊರಿಗೆ ನಡೀರಿ" ಎಂದಳು. ಎರಡು ರಾತ್ರಿಗೆಂದು ಕೋಣೆ ಹಿಡಿದಿದ್ದೆವು. ಒಂದೇ ರಾತ್ರಿಗೆ ಬಿಟ್ಟೆವು. ಅಡುಗೆಯ ಹೆಂಗಸು ಬಾಟಲಿಯಲ್ಲಿ ಬಾವಿಯ ನೀರು ತುಂಬಿ, "ಅಜ್ಜಿಗೆ ದಾರಿಗೆ," ಎಂದು ಕೊಟ್ಟಳು. ಅಕ್ಕ ಅದನ್ನು ಮುಟ್ಟಲಿಲ್ಲ. ಶಿರಸಿಯ ಹತ್ತಿರ ನಾನು ಕುಡಿದೆ, ಸಿಹಿಯಾಗಿಯೇ ಇತ್ತು.

ಯುಗಾದಿಗೆ ಅಕ್ಕನ ಮಗಳು ಮತ್ತು ನಾನು ಹರಿಹರಕ್ಕೆ ಹೋದೆವು. ಪರಾಭವ ಸಂವತ್ಸರ ಕಾಲಿಟ್ಟಿತ್ತು. ಈ ಸಲ ಮರಳಿ ಬಂದದ್ದು ಮಗಳು ಹುಟ್ಟಿದ ಸಂವತ್ಸರ. ನಡುಮನೆಯ ಗೋಡೆಯ ಮೇಲೆ ಫೋಟೋ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಸುಣ್ಣದ ಹಳೆಯ ಬಣ್ಣ ಚೌಕವಾಗಿ ಹೊಸದರಂತೆ ಉಳಿದಿತ್ತು.

ಅಕ್ಕನ ಸೊಸೆ ಬೇವು-ಬೆಲ್ಲ ತಂದಿಟ್ಟಳು. ಮಾತಿಗೆ ಮಾತೆಂದು ನಾನು, "ಹೊಸವರ್ಷ ಒಳ್ಳೆಯದಾಗಲಮ್ಮ," ಎಂದೆ.

"ನಮ್ಮನ್ಯಾಗ ಇವತ್ತು ಬೇವು ತಿನ್ನೋದಷ್ಟೇರಿ, ಮಾವ. ವರ್ಷ ಬದಲಾಗೋದು ದೀಪಾವಳಿ ಪಾಡ್ಯಕ್ಕ. ಅಂಗಡಿ ಪೂಜೆ ದಿನ. ಹಿಂದಿನಿಂದ ಈ ಮನೆತನದಾಗ ಹಂಗೇ. ಹುಟ್ಟಿದ್ದು, ಸತ್ತಿದ್ದು, ಮದುವೆ, ಎಲ್ಲಾ ಪಾಡ್ಯದಿಂದ ಪಾಡ್ಯಕ್ಕ ಎಣಿಸ್ತಾರೆ. ನಾನು ಬಂದ ಹೊಸದಾಗ ನನಗೂ ಗೊಂದಲ ಆಗ್ತಿತ್ತು."

ಬೇವು ನನ್ನ ಬಾಯಲ್ಲಿಯೇ ಉಳಿಯಿತು.

ನಮ್ಮ ಅಪ್ಪ ಲೋಕಿಕೆರೆಯಿಂದ ಬಂದ ಬೇಸಾಯಗಾರರು. ನಮಗೆ ವರ್ಷವೆಂದರೆ ಯುಗಾದಿಯಿಂದ ಯುಗಾದಿಗೆ. ಅಕ್ಕ ಹದಿನೆಂಟು ವರ್ಷ ನಮ್ಮ ಮನೆಯಲ್ಲಿದ್ದಳು, ಅರವತ್ತು ವರ್ಷ ಇವರ ಮನೆಯಲ್ಲಿ. ವೈಶಾಖದಲ್ಲಿ ಮದುವೆ. ಇವರ ಎಣಿಕೆಯಲ್ಲಿ ಮೊದಲನೆಯ ವರ್ಷ ಆರೇ ತಿಂಗಳಲ್ಲಿ, ಆ ವರ್ಷದ ದೀಪಾವಳಿಗೆ, ಮುಗಿದಿತ್ತು. ಪೂಜೆಯಾಯಿತು, ಅತ್ತೆ ಹೋಗಿಬನ್ನಿ ಎಂದರು, ಎರಡನೆಯ ವರ್ಷದ ಮಾಘ ಬಂತು. ಅದು ನನ್ನ ಪಂಚಾಂಗದಲ್ಲಿ ಇನ್ನೂ ವಿಶ್ವಾವಸುವೇ. ಅವಳು ಆಗ ಬಸುರಿಯೂ ಅಲ್ಲ, ಬಾಣಂತಿಯೂ ಅಲ್ಲ. ನಾನು ಅವಳನ್ನು ಅದೇ ಬಾವಿಕಟ್ಟೆಗೆ ಕರೆದೊಯ್ದದ್ದು ಸಂವತ್ಸರದ ಸುತ್ತು ತಿರುಗಿ, ಅದೇ ಮಾಸದಲ್ಲಿ.

ಒಬ್ಬ ರಾಜನ ಕಾಲ ಗುರುತಿಸುವಾಗ ಆ ಸೀಮೆಯಲ್ಲಿ ವರ್ಷ ಎಂದಿನಿಂದ ಎಣಿಸುತ್ತಿದ್ದರೆಂದು ನಾನು ಮೊದಲು ಕೇಳುತ್ತೇನೆ. ಈ ಮನೆಯಿಂದ ಕೂಗಳತೆಯಲ್ಲಿರುವ ಗುಡಿಯ ಅಂಗಳದ ಶಾಸನಗಳ ಮುಂದೆ ಎಷ್ಟೋ ಬೇಸಿಗೆ ಕುಳಿತು ಕೇಳಿದ್ದೇನೆ. ಅಕ್ಕನನ್ನು ಕೇಳಲಿಲ್ಲ.

ಅವಳು ಹಿತ್ತಲಲ್ಲಿ ಮೊರದ ಮುಂದೆ ಕುಳಿತಿದ್ದಳು. ಹೋಗಿ ಎದುರು ಕುಳಿತೆ. ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ: ಪಾಡ್ಯ, ವೈಶಾಖ, ಆರು ತಿಂಗಳು. "ನೀನು ಹೇಳಿದ್ದು ಸರಿ, ಅಕ್ಕ. ನೀವು ಹೋಗಿದ್ದಿರಿ. ಅದೇ ಬಾವಿ ಇರಬೇಕು. ತಪ್ಪು ನನ್ನದು."

ಅವಳು ಅಕ್ಕಿಯಿಂದ ಕೈ ತೆಗೆಯಲಿಲ್ಲ. "ಎಲ್ಲಿಗೆ ಹೋಗಿದ್ವಿ?"

"ಕುಮಟೆಗೆ."

"ಇಲ್ಲಪ್ಪ. ನೀನೇ ಅಲ್ಲೇನು ಸಾಬೀತು ಮಾಡಿದ್ದು, ಕ್ಯಾಲೆಂಡರ್ ಅಂತ?"

"ನಾನು ತಪ್ಪಿದ್ದೆ ಅಂತ ಹೇಳುತ್ತಿದ್ದೇನಲ್ಲ."

"ಅವತ್ತೂ ಹಿಂಗೇ ಹೇಳಿದ್ದಿ, ಇಷ್ಟೇ ಖಾತ್ರಿಯಿಂದ." ಒಂದು ಕಲ್ಲು ಸಿಕ್ಕಿತು, ಬೆಳಕಿಗೆ ಹಿಡಿದು ನೋಡಿ ಎಸೆದಳು. "ಅವರು ಕೈಲೆ ಹೊಡೀತಿದ್ರು. ನೀನು ಪಂಚಾಂಗದಲೆ ಹೊಡದಿ. ಅವರ ಏಟು ನನಗ ರೂಢಿ ಇತ್ತು."

ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅವ್ವ, ಮಾವ ತಪ್ಪೊಪ್ಪಿಕೊಂಡಾರಲ್ಲ. ಆ ಮೂರು ದಿನ ನಿಜ ಅಂತ ಆತಲ್ಲ. ಫೋಟೋ ಮತ್ತ ಹಾಕಾಣ."

"ನಿಜ ಅನ್ನೋರು ಹಾಕಲಿ," ಎಂದಳು ಅಕ್ಕ.

ಫೋಟೋ ಅಟ್ಟದ ಮೇಲಿತ್ತು. ಸೊಸೆ ಇಳಿಸಿ ಒರೆಸಿ ಕೊಟ್ಟಳು. ಎಪ್ಪತ್ತೈದರ ಪ್ರಾಯದಲ್ಲಿ ನಾನು ಸ್ಟೂಲು ಹತ್ತಿದೆ. ಅಕ್ಕನ ಮಗಳು ಅದರ ಕಾಲುಗಳನ್ನು ಹಿಡಿದುಕೊಂಡಳು. ಜೀವಮಾನದಲ್ಲಿ ನಾನು ಅತ್ಯಂತ ದ್ವೇಷಿಸಿದ ಮನುಷ್ಯನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೊಳೆಗೆ ದಾರ ಸಿಗಿಸಲು ಮೂರು ಸಲ ತಡಕಾಡಿದೆ. ಅಕ್ಕ ಬಂದು ಕೆಳಗೆ ನಿಂತಳು.

"ಎಡಕ್ಕ ವಾಲೇತಿ."

ಸರಿಪಡಿಸಿದೆ.

ಅವಳು ಬಹಳ ಹೊತ್ತು ನೋಡಿದಳು. ಕೈ ತಾನಾಗಿಯೇ ಹುಬ್ಬಿನ ಗುರುತಿನ ಮೇಲೆ ಹೋಯಿತು. "ಈಗ ತಗೀ," ಎಂದಳು.

"ಅಕ್ಕ!"

"ತಗೀ ತಮ್ಮಾ. ಆ ಮೂರು ದಿನ ಇದ್ವು ಅಂತ ಉಳಿದದ್ದೆಲ್ಲಾ ನುಂಗಿದ್ದೆ. ಇಲ್ಲ ಅಂದ ದಿನ ಎಲ್ಲಾ ವಾಪಸ್ ಬಂತು, ಒಂದೊಂದೇ. ತಟ್ಟೆ, ಸೇರು, ಎಲ್ಲಾ. ಮತ್ತ ನುಂಗು ಅಂದ್ರ ನನ್ನ ಕೈಲೆ ಆಗಂಗಿಲ್ಲ. ನಿಜ ಇದ್ರ ನಿಜ ಇರಲಿ. ನನಗ ಬ್ಯಾಡ."

ಇಳಿಸಿದೆ.

ಸಂಜೆ ದಾವಣಗೆರೆಗೆ ಹೊರಟಾಗ ಅಕ್ಕನ ಮಗಳು ಫೋಟೋವನ್ನು ಹಳೆಯ ಟವಲಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿಟ್ಟಳು. ಅಕ್ಕ ಮತ್ತೆ ಮೊರ ಹಿಡಿದು ಹಿತ್ತಲಿಗೆ ಹೋದಳು. ಊರು ದಾಟಿದೆವು. ಆಮೇಲೆ, ಸ್ಟಿಯರಿಂಗಿನ ಮೇಲೆ ಅಕ್ಕನ ಮಗಳ ಹೆಬ್ಬೆರಳು ಒಂದೊಂದೇ ಬೆರಳಿನ ಗೆಣ್ಣನ್ನು ಮುಟ್ಟುತ್ತ ಹೋಗುವುದನ್ನು ಕಂಡೆ. ಹೆರಿಗೆ ವಾರ್ಡಿನಲ್ಲಿ ಬಸುರಿಯರಿಗೆ ದಿನ ಎಣಿಸಿ ಹೇಳಿದ ಕೈ ಅದು. ಅವಳು ಏನನ್ನು ಎಣಿಸುತ್ತಿದ್ದಾಳೆಂದು ನನಗೆ ತಿಳಿಯಿತು. ಹಿತ್ತಲಿನಲ್ಲಿ ಕುಳಿತಾಗಲೇ ನಾನು ಅದನ್ನು ಎಣಿಸಿ ಮುಗಿಸಿದ್ದೆ. ಆ ಮಾಘದಿಂದ ಅವಳು ಹುಟ್ಟಿದ ಕಾರ್ತಿಕದವರೆಗೆ, ಒಂದು ಬಸಿರಿನ ದಿನಗಳು. ಆ ವರ್ಷ ನಡುವೆ ಅಧಿಕ ಶ್ರಾವಣ ಬಂದಿತ್ತು, ಅದನ್ನೂ ಸೇರಿಸಿದ್ದೆ. ಮಾಘದ ಕೊನೆಯ ವಾರವಾಗಿದ್ದರೆ ಲೆಕ್ಕ ಕೂಡುತ್ತಿತ್ತು. ಮೊದಲ ವಾರವಾಗಿದ್ದರೆ ಕೂಡುತ್ತಿರಲಿಲ್ಲ.

"ಮಾವ," ಎಂದಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಅವರು ಅಲ್ಲಿದ್ದದ್ದು ಮಾಘದ ಯಾವ ವಾರ?"

"ಗೊತ್ತಿಲ್ಲ."

"ಹೆಂಗಾದ್ರೂ ಹುಡುಕಾಕ ಬರ್ತೈತೇನ್ರಿ?"

ಯಾವ ಕಲ್ಲಿನ ಮೇಲೂ ಅದು ಕೊರೆದಿರಲಿಲ್ಲ. ತಿಳಿದವಳು ಒಬ್ಬಳೇ; ಅವಳು ಹಿತ್ತಲಲ್ಲಿ ಮೊರ ಹಿಡಿದು ಕುಳಿತಿದ್ದಳು, ಇನ್ನು ಹೇಳುವವಳಲ್ಲ.

"ಬರುವುದಿಲ್ಲ," ಎಂದೆ.

ಅವಳು ತಲೆಯಾಡಿಸಿ ಗೇರು ಬದಲಿಸಿದಳು. ಹಿಂದಿನ ಸೀಟಿನಲ್ಲಿ ಫೋಟೋ ತಿರುವಿಗೊಮ್ಮೆ ಬಾಗಿಲಿಗೆ ಬಡಿಯುತ್ತಿತ್ತು. ಮನೆ ಮುಟ್ಟುವವರೆಗೂ ನಾನು ಹಿಂದಕ್ಕೆ ಕೈ ಚಾಚಿ ಅದನ್ನು ಹಿಡಿದುಕೊಂಡೇ ಕುಳಿತಿದ್ದೆ.